ಖಾಲಿ ಪಾತ್ರೆ ಮರಳಿಸದ ಬಡಾವಣೆ

ದಾವಣಗೆರೆಯ ಹಳೇ ಮಿಲ್ ಬಡಾವಣೆಯ ಜನ ಮನುಷ್ಯರಲ್ಲವೆಂಬುದು ಒಂದು ಬುಧವಾರ ಬೆಳಿಗ್ಗೆ ಗೊತ್ತಾಯಿತು. ಸುದ್ದಿ ತಿಳಿದಾಗ ಅವರಲ್ಲಿ ಹೆಚ್ಚಿನವರು ತಿಂಡಿ ತಿನ್ನುತ್ತಿದ್ದರು. ತಿನ್ನುವುದನ್ನು ಯಾರೂ ನಿಲ್ಲಿಸಲಿಲ್ಲ.

ತಿಳಿಸಿದ್ದು ಧಾರವಾಡದ 'ದಾರಿ' ಕೇಂದ್ರ. ಬಡಾವಣೆಯ ಪ್ರತಿ ಮನೆಯ ಪರದೆಯ ಮೇಲೂ ಒಂದೇ ಒಕ್ಕಣೆ: "ನಿಮ್ಮ ಪುಟವು ಯಂತ್ರರಚಿತವೆಂದು ಜರಡಿ ತೀರ್ಮಾನಿಸಿದೆ. ಹೊರಗಿನ ಓದುಗರಿಗೆ ಇಂದಿನಿಂದ ದಾರಿ ಮುಚ್ಚಲಾಗಿದೆ. ತಿಂಗಳ ಕೊನೆಯ ಜರಡಿಯಲ್ಲೂ ಇದೇ ಫಲಿತಾಂಶ ಬಂದರೆ ಪುಟವನ್ನು ಶಾಶ್ವತವಾಗಿ ಕೈಬಿಡಲಾಗುವುದು. ನೀವು ಮನುಷ್ಯರಾಗಿದ್ದಲ್ಲಿ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಮನುಷ್ಯರಾಗಿದ್ದಲ್ಲಿ, ಅಂತೆ," ಎಂದರು ವಾಮದೇವಪ್ಪ, ದೋಸೆ ಮುರಿಯುತ್ತ. "ನಮ್ಮಪ್ಪಂಗೂ ನನ್ ಮೇಲೆ ಇದೇ ಅನುಮಾನ ಇತ್ತು. ಆದ್ರೆ ಬರವಣಿಗೇಲಿ ಕೊಟ್ಟಿರಲಿಲ್ಲ."

ಒಲೆಯ ಮುಂದಿದ್ದ ಅವರ ಹೆಂಡತಿ ಶಿವಲೀಲಾ ನಗಲಿಲ್ಲ. ಹೆಂಚಿನ ಮೇಲಿನ ದೋಸೆಯ ಸದ್ದು ಕೇಳುತ್ತಿದ್ದರು. ಸದ್ದು ಇಳಿದ ಮೇಲೆ ಮಗುಚಿ ಹಾಕಿದರು. "ಇವತ್ತಿನಿಂದ ಮುಚ್ಚೈತೆ ಅಂತಲ್ಲ," ಎಂದರು. "ಹಂಗಾದ್ರೆ ನಾನ್ ನಿನ್ನೆ ರಾತ್ರಿ ಹಾಕಿದ ಉತ್ತರ ಅವನಿಗೆ ಸಿಕ್ಕಿರಲ್ಲ."

ಇದು ಅರ್ಥವಾಗಲು ಸ್ವಲ್ಪ ಹಿನ್ನೆಲೆ ಬೇಕು.

ಕೆಲವು ವರ್ಷಗಳ ಹಿಂದೆ ಜನ ಅಂತರ್ಜಾಲದಲ್ಲಿ ಓದುವುದನ್ನು ಬಿಟ್ಟು ಕೇಳುವುದನ್ನು ಶುರುಮಾಡಿದ್ದರು. ಕೇಳಿದ್ದಕ್ಕೂ ಕೇಳದ್ದಕ್ಕೂ ಒಂದೇ ಧೈರ್ಯದಿಂದ ಉತ್ತರ ಹೇಳುವ ಆ ಬೃಹತ್ ಯಂತ್ರಕ್ಕೆ ಕಂಪನಿ ಇಟ್ಟ ಹೆಸರು ಬೇರೆ. ಕನ್ನಡ ನಾಡಿನಲ್ಲಿ ಅದು 'ದೊಡ್ಡಪ್ಪ' ಎಂದೇ ಪ್ರಸಿದ್ಧವಾಯಿತು. ಪ್ರತಿ ಮನೆತನದಲ್ಲೂ ಅಂಥವರೊಬ್ಬರು ಇರುವುದರಿಂದ ಯಾರಿಗೂ ವಿವರಿಸಬೇಕಾಗಲಿಲ್ಲ. ದೊಡ್ಡಪ್ಪನಿಗೆ ಉಣಿಸಲೆಂದು ಬೇರೆ ಯಂತ್ರಗಳು ಪುಟಗಳನ್ನು ಬರೆದವು. ಅವನ್ನು ಉಂಡು ದೊಡ್ಡಪ್ಪ ಇನ್ನಷ್ಟು ಹೇಳಿದ. ಹೇಳಿದ್ದನ್ನು ಕೇಳಿ ಆ ಯಂತ್ರಗಳು ಇನ್ನಷ್ಟು ಬರೆದವು. ಮೈಸೂರು ಪಾಕಿಗೆ ಬೆಳ್ಳುಳ್ಳಿ ಎಷ್ಟು ಎಸಳು ಎಂಬುದಕ್ಕೂ ಅಳತೆ ಸಿಗತೊಡಗಿದ ಮೇಲೆ ಜನಕ್ಕೆ ಬೇಸರ ಬಂತು.

ಆ ಬೇಸರದಿಂದ ಹುಟ್ಟಿದ್ದು 'ಗೂಡು'. ಗೋಡೆಯಲ್ಲಿ ದೀಪ ಇಡುವ ಗೂಡಿನೊಳಗೆ ಕೂರುವಷ್ಟು ಚಿಕ್ಕ ಪೆಟ್ಟಿಗೆ. ಒಂದು ಮನೆಯ ಪುಟ ಆ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ, ಬೇರೆಲ್ಲೂ ಇಲ್ಲ. ಕರೆಂಟು ಹೋದರೆ ಪುಟವೂ ಮಲಗುತ್ತದೆ. ಓದಬೇಕೆಂದವರು ಆ ಮನೆಗೇ ಬರಬೇಕು, ಅಂದರೆ ತಂತಿಯ ಮೂಲಕ. ಪುಟದ ಕೆಳಗೆ ಒಂದು ಚೌಕ ಇರುತ್ತದೆ. ಬಂದವರು ಅದರಲ್ಲಿ ಒಂದು ಮಾತು ಬರೆದು ಹೋಗಬಹುದು. ಇಷ್ಟೇ ಯಂತ್ರ. ಆದರೆ ಇಷ್ಟು ಸಿಕ್ಕಿದ್ದೇ ತಡ, ನಾಡಿನಲ್ಲಿ ಇಷ್ಟೊಂದು ಜನರಿಗೆ ಹೇಳುವುದಿತ್ತೇ ಎಂದು ಬೆರಗಾಗುವಂತೆ ಪುಟಗಳು ಎದ್ದವು. ಹಳೇ ಮಿಲ್ ಬಡಾವಣೆಯಲ್ಲಿ ಪಂಕಜಾಕ್ಷಿ ನಲ್ಲಿ ನೀರು ಬರುವ ಹೊತ್ತಿನ ಬಗ್ಗೆ ಬರೆದರು. ವಾಮದೇವಪ್ಪ ಟೇಪು ಹಿಡಿದು ಅಳೆದು, ಬಸ್ಸಿನ ಸೀಟುಗಳು ವರ್ಷವರ್ಷಕ್ಕೆ ಕಿರಿದಾಗುತ್ತಿವೆಯೆಂದು ಚಿತ್ರಸಹಿತ ಸಾಬೀತು ಮಾಡಿದರು. ಅಗಲವಾಗುತ್ತಿರುವುದು ಅಳೆಯುವವರೇ ಎಂದು ಚೌಕದಲ್ಲಿ ಯಾರೋ ಬರೆದರು. ಆ ಕೈಬರಹ ಇಲ್ಲದ ಬರಹ ಯಾರದೆಂದು ವಾಮದೇವಪ್ಪನವರಿಗೆ ಗೊತ್ತಿತ್ತು. ಬರೆದವರು ಅದೇ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು.

ಶಿವಲೀಲಾ ಅವರ ಪುಟದ ಹೆಸರು 'ವಾಸನೆ ಬಾರದವರ ಅಡುಗೆ'. ಒಂದು ಜ್ವರ ಬಂದು ಹೋಗುವಾಗ ಅವರ ಮೂಗಿನ ಶಕ್ತಿಯನ್ನು ಜೊತೆಗೆ ಒಯ್ದಿತ್ತು. ದೊಡ್ಡಪ್ಪನನ್ನು ಕೇಳಿದರೆ ವೈದ್ಯರನ್ನು ಕಾಣಿ ಎಂದ. ವೈದ್ಯರು ಕಾಯಿರಿ ಎಂದರು. ಕಾಯುವಾಗಲೂ ದಿನಕ್ಕೆ ಮೂರು ಸಲ ಉಣ್ಣಬೇಕಲ್ಲ. ಈರುಳ್ಳಿ ಬೆಂದದ್ದು ಬಣ್ಣದಿಂದ, ಹಾಲು ಕೆಟ್ಟದ್ದು ಪಾತ್ರೆಯ ಅಂಚಿನಿಂದ, ಬೇಳೆ ತಳ ಹಿಡಿದದ್ದು ಸೌಟಿನ ಎಳೆತದಿಂದ ಹೇಗೆ ತಿಳಿಯುವುದೆಂದು ಅವರು ಒಂದೊಂದೇ ಕಂಡುಕೊಂಡು ಬರೆದರು. ಓದುವವರು ಹೆಚ್ಚಿರಲಿಲ್ಲ, ಎರಡು ಆಟೋದಲ್ಲಿ ಹಿಡಿಯುವಷ್ಟು ಜನ. ಆದರೆ ಅವರಿಗೆ ಬೇರೆ ಮೂಗು ಇರಲಿಲ್ಲ.

ಅವರಲ್ಲೊಬ್ಬ 'ಹಾವೇರಿ ಅಡುಗೆಯವ'. ಹೆಸರು ಹೇಳಿರಲಿಲ್ಲ. ಖಾನಾವಳಿಯಲ್ಲಿ ಅಡುಗೆ ಮಾಡುವವನು, ವಾಸನೆ ಹೋದದ್ದನ್ನು ಮಾಲೀಕನಿಗೆ ಮುಚ್ಚಿಟ್ಟಿದ್ದ. ತಿಳಿದರೆ ಕೆಲಸ ಹೋಗುತ್ತದೆಂದು ಹೆದರಿದ್ದ. ದಿನ ಬಿಟ್ಟು ದಿನ ಬಂದು ಕೇಳಿಕೊಂಡು, ಅದರಂತೆ ಸಂಭಾಳಿಸುತ್ತಿದ್ದ. ಕೊನೆಯದಾಗಿ ಕೇಳಿದ್ದು, ಡಬ್ಬಿಯಲ್ಲಿ ಉಳಿದ ಕರಿದ ಎಣ್ಣೆ ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು. ಶಿವಲೀಲಾ ಉತ್ತರ ಬರೆದಿಟ್ಟಿದ್ದರು. ಉತ್ತರ ಗೂಡಿನಲ್ಲಿತ್ತು. ದಾರಿ ಮುಚ್ಚಿತ್ತು.

"ಫೋನ್ ಮಾಡಿ ಹೇಳಲ್ಲ ಯಾಕೆ?" ಎಂದರು ವಾಮದೇವಪ್ಪ.

"ನಂಬರ್ ಕೊಟ್ಟಿಲ್ಲ. ಹೆಸರೇ ಕೊಟ್ಟಿಲ್ಲ."

"ಹಾವೇರೀಲಿ ಖಾನಾವಳಿ ಎಷ್ಟಿರ್ತಾವೆ? ಹೋಗಿ ಒಂದೊಂದ್ರಲ್ಲೂ ಉಂಡ್ರೆ ಆತು."

"ಹೋಗಿ, ನಿಮ್ ಅಡುಗೆಯವನಿಗೆ ಮೂಗಿಲ್ವೇನ್ರಿ ಅಂತ ಮಾಲೀಕ್ರನ್ನ ಕೇಳ್ತೀರಾ? ಚೆನ್ನಾಗಿರುತ್ತೆ ಅವನ ಕತೆ." ಎಂದು ಅವರು ಒಲೆ ಆರಿಸಿ, ಕೇಂದ್ರಕ್ಕೆ ಫೋನ್ ಹಚ್ಚಿದರು.

ಕೇಂದ್ರವೆಂದರೆ ದೊಡ್ಡ ಕಟ್ಟಡವೇನಲ್ಲ. ಧಾರವಾಡದ ಲೈನ್ ಬಜಾರಿನ ಹಿಂದೆ, ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯ ಮೇಲಿನ ಎರಡು ಕೋಣೆ. ಒಂದರ ಗೋಡೆಯ ತುಂಬ ನಾಡಿನ ಎಲ್ಲ ಗೂಡುಗಳ ನಕ್ಷೆ: ಪ್ರತಿ ಪುಟ ಒಂದು ಚುಕ್ಕೆ, ಒಂದು ಪುಟದಿಂದ ಇನ್ನೊಂದಕ್ಕೆ ಕೊಟ್ಟ ಪ್ರತಿ ಕೊಂಡಿ ಒಂದು ಗೆರೆ. ಯಾವ ಪುಟ ಎಲ್ಲಿದೆಯೆಂದು ತೋರಿಸುವುದು, ಯಂತ್ರಗಳು ಬರೆದ ಕಳ್ಳಪುಟಗಳು ಒಳನುಗ್ಗದಂತೆ ಜರಡಿ ಹಿಡಿಯುವುದು, ಇವೆರಡೇ ಅದರ ಕೆಲಸ. ಜರಡಿಯನ್ನು ಕಟ್ಟಿದವಳು ಸಬಿಹಾ ಮುಲ್ಲಾ. ಗಣಿತ ಓದಿದವಳು, ಮಾತಿಗಿಂತ ಗೆರೆಯನ್ನು ನಂಬುವವಳು. ಮಾತನ್ನು ಯಂತ್ರ ಅನುಕರಿಸಬಲ್ಲದು, ಆದ್ದರಿಂದ ಅವಳ ಜರಡಿ ಬರಹವನ್ನು ಓದುತ್ತಲೇ ಇರಲಿಲ್ಲ. ಗೆರೆಗಳ ಆಕಾರವನ್ನಷ್ಟೇ ನೋಡುತ್ತಿತ್ತು. ಮನುಷ್ಯರು ಕೊಂಡಿ ಕೊಡುವುದು ಅಡ್ಡಾದಿಡ್ಡಿ: ಮರೆಯುತ್ತಾರೆ, ಸಿಟ್ಟಾಗುತ್ತಾರೆ, ನಾಲ್ಕಕ್ಕೆ ಒಂದು ವಾಪಸ್ ಬಂದರೆ ಹೆಚ್ಚು. ಕಳ್ಳಪುಟಗಳು ಹಾಗಲ್ಲ. ಒಂದಕ್ಕೊಂದು ತಪ್ಪದೆ, ತಡಮಾಡದೆ ಕೊಂಡಿ ಮರಳಿಸಿ ಬೆನ್ನು ತಟ್ಟಿಕೊಳ್ಳುತ್ತವೆ.

"ನಿಮ್ಮ ಬಡಾವಣ್ಯಾಗ ಕೊಟ್ಟ ಲಿಂಕೆಲ್ಲಾ ವಾಪಸ್ ಬಂದಾವ್ರಿ," ಎಂದಳು ಸಬಿಹಾ. "ಒಂದೂ ಬಿಡದಂಗ. ಅದೂ ಅವತ್ತಿಂದವತ್ತ."

"ಹೌದು. ಬರ್ಬೇಕಲ್ಲ," ಎಂದರು ಶಿವಲೀಲಾ.

"ಯಾಕ್ರಿ ಬರ್ಬೇಕು?"

"ಅವರು ಕೊಟ್ಟಿರ್ತಾರಲ್ಲಮ್ಮ."

"ಕೊಟ್ರ ವಾಪಸ್ ಕೊಡ್ಲೇಬೇಕಂತ ನಿಯಮ ಏನಿಲ್ರಿ."

"ನಿಯಮ ಯಾಕೆ ಬೇಕು? ಪಕ್ಕದ್ಮನೆಯಿಂದ ಒಂದು ಪಾತ್ರೇಲಿ ಪಲ್ಯ ಬಂತು ಅಂತಿಟ್ಕ. ಪಾತ್ರೆ ತೊಳೆದು ಖಾಲಿ ಕೊಟ್ಟು ಕಳಿಸ್ತೀಯೇನು? ಒಂದ್ ಚಮಚ ಸಕ್ಕರೆನಾದ್ರೂ ಹಾಕಲ್ವ?"

ಸಬಿಹಾ ಗೋಡೆಯ ನಕ್ಷೆಯತ್ತ ನೋಡಿದಳು. ಆ ಕಡೆಯವರು ಯಂತ್ರವಲ್ಲ ಎಂಬುದು ಮೊದಲ ವಾಕ್ಯಕ್ಕೇ ಸ್ಪಷ್ಟವಾಗಿತ್ತು. ಆದರೆ ಕೇಂದ್ರ ಫೋನಿನಲ್ಲಿ ಕೇಳಿದ ಮಾತಿನ ಮೇಲೆ ನಡೆಯುತ್ತಿರಲಿಲ್ಲ. "ಅಕ್ಕಾರ, ಒಂದು ಕೆಲಸ ಮಾಡ್ರಿ. ತಿಂಗಳ ಕೊನೀಗೆ ಜರಡಿ ಮತ್ತ ತಿರಗತೈತಿ. ಅದರೊಳಗ ಅರ್ಧದಷ್ಟು ಲಿಂಕ್ ತೆಗೀರಿ. ಯಾರದರೆ ತೆಗೀರಿ. ಆಕಾರ ಸ್ವಲ್ಪ ಕೆಟ್ರ ಸಾಕು, ಮನಷ್ಯಾರಾಗ್ತೀರಿ."

ಆ ಸಂಜೆ ಪಂಕಜಾಕ್ಷಿಯ ತಾರಸಿಯಲ್ಲಿ, ಒಣಗಿದ ಸಂಡಿಗೆಯನ್ನು ಬಟ್ಟೆಯಿಂದ ಬಿಡಿಸುತ್ತ ಸಭೆ ನಡೆಯಿತು. ವಿಷಯ ಕೇಳಿ ಎಲ್ಲರೂ ಒಪ್ಪಿದರು. ತೆಗೆಯುವುದು ಸರಿ, ಯಾರದನ್ನು ಎಂಬಲ್ಲಿ ಮಾತು ನಿಂತಿತು.

"ನಂದು ತೆಗೀರಿ," ಎಂದರು ಪಂಕಜಾಕ್ಷಿ. "ನನ್ ನೀರಿನ ಪುಟ ಹೊರಗಿನೋರಿಗೆ ಯಾಕೆ ಬೇಕು."

"ಅಯ್ಯ, ನಿಂದ್ಯಾಕೆ? ನಂದು ತೆಗೀರಿ," ಎಂದರು ಶಿವಲೀಲಾ.

"ನಿಮ್ದು ತೆಗೆದ್ರೆ ನಿಮ್ ಅಡುಗೆಯವನ ಗತಿ? ಅವನಿಗೋಸ್ಕರನೇ ಅಲ್ವ ಇದೆಲ್ಲ."

"ಬಸ್ ಸೀಟಿಂದು ತೆಗೆದ್ರೆ ಯಾರಿಗೂ ನಷ್ಟ ಇಲ್ಲ," ಎಂದು ಯಾರೋ ಮೆಲ್ಲಗೆ ಅಂದರು. ವಾಮದೇವಪ್ಪ ಕೇಳಿಸದವರಂತೆ ಸಂಡಿಗೆ ಬಿಡಿಸಿದರು. ಚೀಟಿ ಎತ್ತೋಣವೆಂದರೆ, ಚೀಟಿಯಲ್ಲಿ ಹೆಸರು ಬಂದವರ ಮುಖ ನಾಳೆ ಹೇಗೆ ನೋಡುವುದೆಂದು ಅದೂ ಬಿತ್ತು. ಕೊನೆಗೆ ಅವರವರ ವಿವೇಕಕ್ಕೆ ಬಿಡೋಣವೆಂದು ತೀರ್ಮಾನಿಸಿ ಎಲ್ಲರೂ ಸಮಾಧಾನದಿಂದ ಇಳಿದರು.

ಅವರವರ ವಿವೇಕ ಹೀಗೆ ಕೆಲಸ ಮಾಡಿತು. ಒಬ್ಬರದನ್ನು ಇಟ್ಟು ಒಬ್ಬರದನ್ನು ತೆಗೆದರೆ ತೆಗೆಸಿಕೊಂಡವರಿಗೆ ನೋವು. ಎಲ್ಲರದನ್ನೂ ತೆಗೆದರೆ ಯಾರಿಗೂ ಇಲ್ಲ. ಹೀಗೆಂದು ಪ್ರತಿಯೊಬ್ಬರೂ, ಬೇರೆಯವರು ಹೇಗೂ ತಮ್ಮ ಹಾಗೆ ಮಾಡಲಾರರೆಂಬ ನಂಬಿಕೆಯಲ್ಲಿ, ಊಟಕ್ಕೆ ಮುಂಚೆ ಕೂತು ತಮ್ಮ ಪುಟದ ಕೊಂಡಿಗಳನ್ನೆಲ್ಲ ಅಳಿಸಿದರು.

ಧಾರವಾಡದ ಗೋಡೆಯ ಮೇಲೆ ದಾವಣಗೆರೆಯ ಮೂಲೆಯಲ್ಲೊಂದು ದಟ್ಟ ಬಲೆ ಇತ್ತು. ಮರುದಿನ ಬೆಳಿಗ್ಗೆ ಅದು ಇರಲಿಲ್ಲ.

"ನೋಡಿದೇನವಾ?" ಎಂದರು ದೇಸಾಯಿ. ಪ್ರಹ್ಲಾದ ದೇಸಾಯಿ ಕೇಂದ್ರದ ಮುಖ್ಯಸ್ಥರು, ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. "ಯಾರೋ ಒಬ್ಬವ ಗುಂಡಿ ಒತ್ತಿದಂಗ ಎಲ್ಲಾ ಒಮ್ಮೆಲೇ ಹೋಗ್ಯಾವ. ನಿನ್ನೆ ತನಕ ನನಗ ಅನುಮಾನ ಇತ್ತು. ಈಗ ಖಾತ್ರಿ ಆತು."

"ಸರ, ಅವರು ಮನಷ್ಯಾರ ಅದಾರ್ರಿ. ನಾ ಮಾತಾಡೇನಿ."

"ಮಾತು ಯಾರರೆ ಆಡ್ತಾರ. ಹೋದ ವರ್ಷ ಕಾಮಾಲಿ ಔಷಧದ ಹಳ್ಳಿ ನೆನಪೈತೋ ಇಲ್ಲೋ?"

ನೆನಪಿತ್ತು. ಇಲ್ಲದ ಒಂದು ಹಳ್ಳಿಯ ಹೆಸರಿನಲ್ಲಿ ಯಂತ್ರಗಳು ನೂರಾರು ಪುಟ ಬರೆದು, ಕಾಮಾಲೆಗೆ ಒಂದು ಕಷಾಯವನ್ನು ಒಂದಕ್ಕೊಂದು ಹೊಗಳಿದ್ದವು. ಕುಡಿದವರು ಆಸ್ಪತ್ರೆ ಸೇರಿದ್ದರು. ಜರಡಿ ಬಿಗಿಯಾದದ್ದು ಆ ಮೇಲೆಯೇ, ಬಿಗಿ ಮಾಡಿದವಳು ಸಬಿಹಾಳೇ.

"ಒಂದು ಬಡಾವಣೆ ಸಲುವಾಗಿ ಜರಡಿ ಹರಿಯಾಕ ಬರಂಗಿಲ್ಲ," ಎಂದರು ದೇಸಾಯಿ. "ಹರೀಲಾರದ ಅವರನ್ನ ಒಳಗ ಬಿಡೋ ದಾರಿ ಇದ್ರ ತೋರಸು. ಕಾಮಾಲಿ ಹಳ್ಳಿ ಹೊರಗ ಉಳೀಬೇಕು, ಇವರು ಒಳಗ ಬರ್ಬೇಕು. ಒಂದ ನಿಯಮ, ಎಲ್ಲಾರಿಗೂ."

ನ್ಯಾಯವಾದ ಮಾತು. ಅದಕ್ಕೇ ಅವಳಿಗೆ ಸಿಟ್ಟು ಬಂತು.

ಒಂದು ವಾರ ಅವಳು ಗೆರೆಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಳಿಸುವ ಮುಂಚಿನ ಕೊಂಡಿಗಳ ಪ್ರತಿಯನ್ನು, ಜೊತೆಗಿನ ಮಾತುಗಳ ಸಮೇತ, ಕೇಂದ್ರ ಜರಡಿಗೆಂದು ತೆಗೆದಿಟ್ಟಿತ್ತು. ಬಡಾವಣೆಯ ಬಲೆಯನ್ನೂ ಕಾಮಾಲೆ ಹಳ್ಳಿಯ ಬಲೆಯನ್ನೂ ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಕೈಯ ಕಸೂತಿಯಂತೆ ಕಂಡವು. ಮರ್ಯಾದೆಗೂ ಮೋಸಕ್ಕೂ ಆಕಾರ ಒಂದೇ ಎಂಬುದು ಗಣಿತ ಓದಿದವರಿಗೆ ಹಿತವಾದ ಫಲಿತಾಂಶವಲ್ಲ.

ಶುಕ್ರವಾರ ಮಧ್ಯಾಹ್ನ ಉಣ್ಣಲು ಮನೆಗೆ ಹೋದಾಗ ಎದುರುಮನೆಯ ಸ್ಟೀಲ್ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಎದುರುಮನೆಯ ಇಂದಿರಾಬಾಯಿ ಹೋಳಿಗೆ ಕಳಿಸಿದ್ದರು. ಸಬಿಹಾ ಎರಡು ತಿಂದು, ಡಬ್ಬಿ ತೊಳೆದು, ಹಿಂದಿನ ದಿನ ಮನೆಯಲ್ಲಿ ಮಾಡಿದ್ದ ಗಾರಿಗೆ ತುಂಬತೊಡಗಿದಳು. ಅವಳ ತಾಯಿ, ಅಮ್ಮಿ, ನೋಡಿದರು. ಅವರ ಮನೆಮಾತು ದಖನಿ ಉರ್ದು. ಅಮ್ಮಿ ಬೈದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

"ಅದನ್ನ ತೆಗಿ. ಸಿಹಿ ಬಂದದ್ದಕ್ಕ ಸಿಹಿ ಕಳಸ್ತಾರೇನು? ನಿಮ್ಮದು ನೀವ ಇಟಗೊಳ್ರಿ ಅಂದಂಗ ಆಗತೈತಿ. ಗಿಡದಾಗ ನಿಂಬಿಹಣ್ಣು ಅದಾವ, ಹಾಕು. ಆಕಿ ಸೊಸಿಗೆ ಮೂರು ತಿಂಗಳು, ಹುಳಿ ಬೇಡತಿರಬೇಕು."

"ನಿನಗ ಯಾರು ಹೇಳಿದ್ರು ಮೂರು ತಿಂಗಳಂತ?"

"ಯಾರರೆ ಹೇಳ್ಬೇಕೇನು? ಹೋದ ವಾರ ನಾ ಖೀರು ಕಳಿಸಿದ್ದೆ. ಉಪ್ಪಿನಕಾಯಿ ಕೊಡ್ತೀರೇನಂತ ಡಬ್ಬಿ ಜೋಡಿ ಹೇಳಿಕಳಿಸಿದ್ರು."

ಸಬಿಹಾ ನಿಂಬೆಹಣ್ಣು ಕಿತ್ತು ತುಂಬಿ, ಎದುರುಮನೆಗೆ ಕೊಟ್ಟು, ಉಣ್ಣದೆ ಕೇಂದ್ರಕ್ಕೆ ಹಿಂತಿರುಗಿದಳು.

ಪಾತ್ರೆ ಮರಳುವುದನ್ನು ಇಷ್ಟು ದಿನ ಅವಳ ಜರಡಿ ಎಣಿಸಿತ್ತು. ಪಾತ್ರೆಯೊಳಗೆ ಏನು ಮರಳಿತು ಎಂದು ನೋಡಿರಲಿಲ್ಲ. ಪ್ರತಿ ಕೊಂಡಿಯ ಜೊತೆಗೆ ಒಂದೆರಡು ಮಾತು ಬರೆಯುವುದು ವಾಡಿಕೆ. ಹೋದ ಮಾತಿಗೂ ಬಂದ ಮಾತಿಗೂ ಎಷ್ಟು ಅಂತರ ಎಂದಷ್ಟೇ ಅಳೆದರೆ? ಮಾತು ಚಂದವೋ ಅಲ್ಲವೋ, ಮನುಷ್ಯರದೋ ಅಲ್ಲವೋ ಎಂಬುದು ಬೇಡ, ಅಂತರ ಸಾಕು. ಕಾಮಾಲೆ ಹಳ್ಳಿಯಲ್ಲಿ "ಅತ್ಯುತ್ತಮ ಮಾಹಿತಿ" ಹೋದರೆ "ಅತ್ಯುತ್ತಮ ಮಾಹಿತಿ" ಬಂದಿತ್ತು, ಯಂತ್ರಕ್ಕೆ ಅದು ಎಲ್ಲಕ್ಕಿಂತ ಅಗ್ಗ. ಹಳೇ ಮಿಲ್ ಬಡಾವಣೆಯ ಹಳೆಯ ಪ್ರತಿಯನ್ನು ತೆರೆದಳು. ಪಂಕಜಾಕ್ಷಿ ಬರೆದಿದ್ದರು: "ಶಿವಲೀಲಕ್ಕನ ಪುಟ. ಮೂಗಿಲ್ಲದೆ ಇಷ್ಟು ಚೆನ್ನಾಗಿ ಸಾರು ಮಾಡುತ್ತಾರೆ, ಮೂಗಿದ್ದಾಗ ಮಾಡುತ್ತಿರಲಿಲ್ಲ." ಅದಕ್ಕೆ ಮರಳಿದ್ದು: "ಪಂಕಜಾಕ್ಷಿ ನಲ್ಲಿ ನೀರು ಬರುವ ಹೊತ್ತು ಹೇಳುತ್ತಾಳೆ. ತಾನು ಹಿಡಿದುಕೊಂಡಾದ ಮೇಲೆ ಹೇಳುತ್ತಾಳೆ."

ಸಬಿಹಾ ಒಬ್ಬಳೇ ನಕ್ಕಳು. ಆಮೇಲೆ ಹೊಸ ಅಳತೆಯನ್ನು ಹಾಕಿ, ಬಡಾವಣೆಗೆ ಈ ಹಳೆಯ ಪ್ರತಿಯನ್ನೇ ಹಿಡಿದು, ಇಡೀ ನಾಡಿನ ಮೇಲೆ ಜರಡಿ ತಿರುಗಿಸಿದಳು.

ದೇಸಾಯಿಯವರನ್ನು ಕರೆದಾಗ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಬಡಾವಣೆ ಒಳಗ ಬಂತ್ರಿ ಸರ. ಕಾಮಾಲಿ ಹಳ್ಳಿ ಹೊರಗ ಐತಿ. ಆದ್ರ ಇನ್ನೊಂದು ಗುಂಪು ಹೊಸದಾಗಿ ಹೊರಗ ಬಿದ್ದೈತ್ರಿ."

"ಯಾವುದು?"

"ಮುಂಬೆಳಕು ಕವಿ ಬಳಗ ರೀ."

ದೇಸಾಯಿ ಕನ್ನಡಕ ತೆಗೆದು ಒರೆಸಿದರು. ನಿವೃತ್ತಿಯ ನಂತರ ಅವರು ಕವಿತೆ ಬರೆಯುತ್ತಿದ್ದರು, ಮುಂಬೆಳಕು ಬಳಗದಲ್ಲಿ ಬೇರೆ ಹೆಸರಿನಿಂದ ಇದ್ದರು. ಇಡೀ ಕೇಂದ್ರಕ್ಕೆ ಗೊತ್ತಿದ್ದ ಗುಟ್ಟು ಅದು. ಅವರು ಪರದೆಯ ಮುಂದೆ ಕೂತು ತಮ್ಮ ಬಳಗದ ಕೊಂಡಿಗಳನ್ನು ಒಂದೊಂದಾಗಿ ಓದಿದರು. "ಅದ್ಭುತ ಕವಿತೆ, ಮನ ಮುಟ್ಟಿತು." ಮರಳಿದ್ದು: "ಅದ್ಭುತ ಕವಿತೆ, ಮನ ಮುಟ್ಟಿತು." ಮುಂದಿನದು: "ಮನ ಮುಟ್ಟಿತು, ಅದ್ಭುತ." ಬಹಳ ದೂರದವರೆಗೆ ಮನಗಳು ಹೀಗೇ ಮುಟ್ಟಿದ್ದವು. ಎರಡರಲ್ಲಿ ಅವರದೇ ಸಹಿ ಇತ್ತು.

"ಹಂಗಾರ ನಾವು ಮನಷ್ಯಾರಲ್ಲ ಅಂತೀ," ಎಂದರು.

"ಜರಡಿ ಅಂತೈತ್ರಿ."

"ಜರಡಿ ತಪ್ಪೈತೇನು?"

ಸಬಿಹಾ ಆ ಎರಡು ಸಹಿಗಳನ್ನು ಪರದೆಯಿಂದ ಮೇಲಕ್ಕೆ ಸರಿಸಿದಳು. ಕಿಟಕಿಯ ಕೆಳಗೆ ರಟ್ಟು ಕತ್ತರಿಸುವ ಸದ್ದು ಕೇಳುತ್ತಿತ್ತು.

"ನಾಳೆ ಯಂತ್ರನೂ ಇದನ್ನ ಕಲೀತೈತಿ," ಎಂದರು ದೇಸಾಯಿ ಕೊನೆಗೆ. ಅದು ಆಕ್ಷೇಪಣೆಗಿಂತ ಹೆಚ್ಚಾಗಿ ಅಭ್ಯಾಸ.

"ಕಲೀಲಿ ಬಿಡ್ರಿ. ಪಂಕಜಾಕ್ಷಿ ಬಗ್ಗೆ ಹಂಗ ಬರೀಬೇಕಂದ್ರ ಅವರ ಓಣ್ಯಾಗ ವರ್ಷಗಟ್ಟಲೆ ಕೊಡ ಹಿಡಕೊಂಡು ನಿಂದರಬೇಕಾಗತೈತಿ. ಅಷ್ಟು ತ್ರಾಸು ತಗೊಂಡ್ರ ಅದಕ್ಕೂ ಒಂದು ಪುಟ ಕೊಡೋಣು."

ದೇಸಾಯಿ ಹೊಸ ನಿಯಮಕ್ಕೆ ಒಪ್ಪಿಗೆ ಹಾಕಿದರು. ಆಮೇಲೆ ತಮ್ಮ ಬಳಗದವರಿಗೆ ವಿಷಯ ತಿಳಿಸಲು ಫೋನ್ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ತೆಳುವಾಗಿತ್ತು. ಒಬ್ಬ ಕವಿ ಬಹಳ ಹೊತ್ತು ಮನುಷ್ಯರಂತೆ ಬೈದದ್ದು ಈಚೆಗೂ ಕೇಳಿಸಿತು.

ದಾವಣಗೆರೆಯಲ್ಲಿ ದಾರಿ ತೆರೆದದ್ದು ತಿಂಗಳ ಕೊನೆಯ ಬೆಳಿಗ್ಗೆ. ಪಂಕಜಾಕ್ಷಿ ಬೀದಿಯಿಂದಲೇ ಕೂಗಿ ಹೇಳಿದರು, "ಶಿವಲೀಲಕ್ಕಾ, ಮನುಷ್ಯರಾದ್ವಂತೆ ನೋಡ್ರಿ." ಒಬ್ಬರಿಗೊಬ್ಬರು ಕೊಂಡಿ ಹಾಕುವ ಕೆಲಸ ಮನೆಮನೆಯಲ್ಲೂ ಮತ್ತೆ ಶುರುವಾಯಿತು.

ಶಿವಲೀಲಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪರದೆಯ ಮುಂದೆ ಬಂದರು. ಎಣ್ಣೆಯ ಉತ್ತರ ಹಾಗೇ ಇತ್ತು: ಕಾಯಿಸಿದಾಗ ಸಣ್ಣ ನೊರೆ ಬಂದು ಇಳಿಯದೆ ನಿಂತರೆ, ಡಬ್ಬಿಯ ಕಂಠ ಬೆರಳಿಗೆ ಅಂಟಿದರೆ, ಒಂದು ಹನಿ ನುಂಗಿದಾಗ ಗಂಟಲು ಕೆರೆದರೆ ಕೆಟ್ಟಿದೆಯೆಂದು ತಿಳಿ. ಕೆಳಗಿನ ಚೌಕದಲ್ಲಿ ಹಾವೇರಿಯವನ ಮಾತು ಇರಲಿಲ್ಲ. ಅದರ ಬದಲು ಒಂದು ಹೊಸ ಕೊಂಡಿ ಬಂದಿತ್ತು. ಒತ್ತಿದರೆ ಒಂದು ಪುಟ ತೆರೆಯಿತು. ಮೇಲೆ ಖಾನಾವಳಿಯ ಬೋರ್ಡಿನ ಫೋಟೊ, ಸ್ವಲ್ಪ ಓರೆ.

"ನನ್ನ ಹೆಸರು ಫಕ್ಕೀರೇಶ. ಹಾವೇರಿಯಲ್ಲಿ ಅಡುಗೆ ಮಾಡುತ್ತೇನೆ. ನನಗೆ ವಾಸನೆ ಬರುವುದಿಲ್ಲ. ದಾವಣಗೆರೆ ಅಕ್ಕಾರ ಪುಟ ಮುಚ್ಚಿದ ದಿವಸ ಎಣ್ಣೆ ಡಬ್ಬಿ ಮುಂದೆ ನಿಂತು ಏನೂ ತೋಚಲಿಲ್ಲ. ಅದನ್ನೇ ಹಾಕಿ ಕರಿದು ಮಂದಿಗೆ ಏನಾದರೂ ಆದರೆ ಎಂದು ಮಾಲಕರನ್ನು ಕರೆದು ಇದ್ದದ್ದು ಹೇಳಿದೆ. ಅವರು ಬಗ್ಗಿ ಮೂಸಿ, ಕೆಟ್ಟೈತಿ ಚೆಲ್ಲು ಅಂದರು. ಇಷ್ಟು ದಿನ ವಾಸನೆ ಇಲ್ಲದೇ ಈ ರುಚಿ ಮಾಡಿದಿಯೇನು ಎಂದು ಕೇಳಿದರು. ಈಗ ದಿನಾ ಮುಂಜಾನೆ ಬಂದು ಎಣ್ಣೆ, ಹಾಲು ಮೂಸಿ ಹೋಗುತ್ತಾರೆ. ಅಷ್ಟು ಅವರ ಕೆಲಸ. ಉಳಿದದ್ದು ನನ್ನದು. ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಅಕ್ಕಾರು ಹೇಳಿದ್ದೆಲ್ಲ ಖರೇ, ಆದರೆ ಸಾಸಿವೆ ಬಗ್ಗೆ ಹೇಳಿದ್ದು ಅರ್ಧ ಮಾತ್ರ ಸರಿ."

ವಾಮದೇವಪ್ಪ ಹಿಂದಿನಿಂದ ಬಗ್ಗಿ ಓದಿದರು. ಹೆಂಡತಿಯ ಮುಖ ನೋಡಿ, "ಅಳ್ತಿದ್ದೀಯೇನು?" ಎಂದರು.

"ಅರ್ಧ ಸರಿ ಅಂತಾನೆ," ಎಂದರು ಶಿವಲೀಲಾ. "ಸಾಸಿವೆ ಸದ್ದು ನಿಂತ ಕೂಡ್ಲೆ ಒಗ್ಗರಣೆ ಇಳಿಸ್ಬೇಕು ಅಂತ ಬರೆದಿದ್ದೆ. ದೊಡ್ಡ ಬಾಂಡ್ಲೀಲಿ ಎಣ್ಣೆ ಜಾಸ್ತಿ ಇದ್ರೆ ಸದ್ದು ಕೇಳಲ್ಲ, ಕಾಳು ಮೇಲೆ ತೇಲಿ ಬರೋದನ್ನ ನೋಡ್ಬೇಕು ಅಂತಾನೆ."

"ಬಿಡು. ಪಾಪ, ಹೊಸಬ."

"ಪಾಪ ಏನ್ ಬಂತು? ನೂರು ಜನಕ್ಕೆ ಒಗ್ಗರಣೆ ಹಾಕೋನು." ಅವರು ಎದ್ದು, ಅಟ್ಟದಿಂದ ದೊಡ್ಡ ಬಾಂಡಲಿ ಇಳಿಸಿಕೊಡಲು ಗಂಡನಿಗೆ ಹೇಳಿದರು. ಎಣ್ಣೆ ಧಾರಾಳವಾಗಿ ಸುರಿದು, ಕಾದ ಮೇಲೆ ಒಂದು ಹಿಡಿ ಸಾಸಿವೆ ಹಾಕಿ ಕಿವಿ ಕೊಟ್ಟರು. ಸದ್ದು ಎಣ್ಣೆಯ ಒಳಗೇ ಉಳಿಯಿತು. ಕಾಳುಗಳು ಒಂದೊಂದೇ ಮೇಲೆ ಬಂದವು.

ಒಲೆ ಆರಿಸಿ, ಬಂದು ಕೂತು, ಶಿವಲೀಲಾ ತಮ್ಮ ಪುಟದಲ್ಲಿ ಅವನ ಹೆಸರು ಬರೆದರು. ಅದರ ಮುಂದೆ, "ಸಾಸಿವೆ ಬಗ್ಗೆ ಇವನು ಹೇಳುವುದು ಮುಕ್ಕಾಲು ಸರಿ. ಉಳಿದ ಕಾಲು ಸಣ್ಣ ಬಾಂಡಲಿಯವರಿಗೆ ನಾನು ಹೇಳುತ್ತೇನೆ," ಎಂದು ಸೇರಿಸಿದರು.